ಎರಡು ಸೂತ್

ಕೆಳಮನೆಯ ಸಫೂರಾಳ ಬಚ್ಚಲ ಚಾವಣಿಯಲ್ಲಿ
ನಮ್ಮ ಬಚ್ಚಲು ಒಂದು ನಕ್ಷೆ ಬರೆದಿತ್ತು,
ಹಳದಿ ಅಂಚಿನ ಯಾವುದೋ ದೇಶದ್ದು.
ವಾರಕ್ಕೊಂದು ಗೇಣು ಗಡಿ ದಾಟುತ್ತಿತ್ತು.
ಮಾಲೀಕ ಫೋನಿನಲ್ಲಿ ಹೇಳಿದ:
ನೀವೇ ಮಾಡಿಸಿ, ಬಾಡಿಗೆಯಲ್ಲಿ ಮುರಿದುಕೊಳ್ಳಿ.
ಹಾಗೆ ರುವಿಯ ಈ ಎರಡು ಕೋಣೆಯ ಮನೆಗೆ
ಮೇ ತಿಂಗಳ ನಡುವಿನಲ್ಲಿ
ಸುತ್ತಿಗೆ ಬಂತು.

ಅದೇ ವಾರ ನನ್ನ ಮಡಿಲಲ್ಲಿ
ನಾಲ್ಕೂವರೆ ಮೀಟರ್ ಬಿಳಿ ಸ್ಯಾಟಿನ್.
ಜಸಿಂತಾಳ ಮಗಳು ರಿಯೋನಾಳಿಗೆ
ಬರುವ ಶುಕ್ರವಾರ ಮೊದಲ ಪರಮಪ್ರಸಾದ.
"ಅಂಗಡಿಯಲ್ಲಿ ನಲವತ್ತು ರಿಯಾಲ್ ಹೇಳ್ತಾರೆ,
ನೀನೇ ಹೊಲಿ ಮಾರಾಯ್ತಿ."
ನೈಟಿ, ದಿಂಬಿನ ಚೀಲ, ಕಿಟಕಿಯ ಪರದೆ
ಇಷ್ಟರಾಚೆ ದಾಟದ ನಾನು
ಹೂಂ ಅಂದುಬಿಟ್ಟಿದ್ದೆ.

ಹೊಲಿಗೆ ಯಂತ್ರ ಇದ್ದದ್ದು ಬಚ್ಚಲ ಬಾಗಿಲಿಗೆ ತಾಗಿ,
ಇಡೀ ಮನೆಯಲ್ಲಿ ಅದಕ್ಕೆ ಸಿಕ್ಕಿದ್ದು ಅಷ್ಟೇ ಜಾಗ.
ಈಗ ಅದನ್ನು ಮಂಚಕ್ಕೆ ಹತ್ತಿಸಿದೆವು.
ರಾತ್ರಿ ಪಾಳಿ ಮುಗಿಸಿ ಬಂದ ಗಿಲ್ಬರ್ಟ್
ಅದಕ್ಕೆ ಬೆನ್ನು ಕೊಟ್ಟು ಮಲಗಿದ.
ಎದ್ದಾಗ ಕಾಲಿಗೆ ಅಳತೆ ಟೇಪು ಸುತ್ತಿಕೊಂಡಿತ್ತು.
ಮಲಗಿದ ಅಂದೆನೇ? ಗೋಡೆ ಒಡೆಯುವಾಗ
ಕಣ್ಣು ಮುಚ್ಚಿಕೊಂಡಿದ್ದ.
ಬಾಗಿಲ ಸಂದಿಗೆ ಒದ್ದೆ ಟವೆಲು ತುರುಕಿದೆ.
ಸ್ಯಾಟಿನ್ನನ್ನು ಮೂರು ಬೆಡ್‌ಶೀಟಿನಲ್ಲಿ ಕಟ್ಟಿ
ಊರಿಗೆ ಹೋಗುವ ಸೂಟ್‌ಕೇಸಿನಲ್ಲಿಟ್ಟು ಬೀಗ ಜಡಿದೆ.
ಆದರೂ ಬೆಳಿಗ್ಗೆ ಬಾಬಿನ್ ಬಿಚ್ಚಿದರೆ
ಅದರ ಹೊಟ್ಟೆಯಲ್ಲಿ ಸಿಮೆಂಟು.

ಗೀಸರ್ ಕಳಚಿದ ಮೇಲೆ ನೆನಪಾಯಿತು,
ಈ ಊರಿನ ಬೇಸಿಗೆಯಲ್ಲಿ ಅದೇ ನಮ್ಮ ತಣ್ಣೀರು.
ಸ್ವಿಚ್ಚು ಹಾಕದೆ ಬಿಟ್ಟರೆ
ನೆರಳಿನಲ್ಲಿ ನಿಂತ ನೀರು ಅದೊಂದೇ.
ತಣ್ಣೀರಿನ ನಲ್ಲಿಯಲ್ಲಿ ಬರುವುದು
ತಾರಸಿಯ ಟ್ಯಾಂಕಿನಲ್ಲಿ ಬೆಂದದ್ದು.
ಟವೆಲು ಹಿಡಿದು ಸಫೂರಾಳ ಮನೆಗೆ ಇಳಿದೆವು,
ನಾವೇ ಸೋರಿಸಿದ ದೇಶದ ಕೆಳಗೆ
ಮೈಗೆ ಸೋಪು ಹಚ್ಚಿಕೊಂಡು ನಿಂತೆವು.
ಅವಳು ಏನೂ ಅನ್ನಲಿಲ್ಲ. ಚಹಾ ಕೊಟ್ಟಳು.
ಏನಾದರೂ ಅಂದಿದ್ದರೆ ಆಗುತ್ತಿತ್ತು.

ಟೈಲ್ಸಿನ ಶಫೀಕುಲ್ ಕುಮಿಲ್ಲಾದವನು.
ಪೆನ್ಸಿಲು ಗಾರೆಯಲ್ಲಿ ಹೂತುಹೋದ ದಿನ
ನನ್ನ ನೀಲಿ ಚಾಕು-ಸುಣ್ಣ ಕೇಳಿ ಪಡೆದ;
ಗೋಡೆಯ ತುಂಬ ಕಂಕುಳು, ಕೊರಳು,
ಯಾವುದೋ ದೈತ್ಯಳ ರವಿಕೆ ಕತ್ತರಿಸುವವನ ಹಾಗೆ ಗೆರೆ.
"ಸಂದಿ ಎಷ್ಟು ಬಿಡ್ತೀಯ?"
"ಒಂದು ಸೂತ್."
"ಇಳಿಜಾರು?"
"ಅಡಿಗೆ ಎರಡು ಸೂತ್, ದೀದಿ. ನೀರಿಗೆ ಅಷ್ಟು ಸಾಕು."
ಅವನ ಬಾಯಲ್ಲಿ ಸೂತ್ ಎಂದರೆ ಇಂಚಿನ ಎಂಟನೇ ಪಾಲು.
ಬಿಡಿಸಿ ನೋಡಿದರೆ ಬರೀ ನೂಲು.
ಊರಿನ ಬಡಗಿ ದೂಮಣ್ಣ ಆಚಾರಿಯೂ
"ಇನ್ನೊಂದು ನೂಲು ಕೆತ್ತು" ಎಂದೇ ಮಗನನ್ನು ಗದರುತ್ತಿದ್ದ.
ಮರ, ಕಲ್ಲು ಎಲ್ಲ ನೂಲಿನಿಂದ ಅಳೆದರು;
ನೂಲಿನವಳು ನಾನು ಸೆಂಟಿಮೀಟರಿನವಳು.

ನಾನು ತೋಳು ಬಿಚ್ಚುವುದನ್ನು ನೋಡಿ ಅವನಂದ:
"ನಿಮ್ಮದು ಬಿಚ್ಚಬಹುದು. ನನ್ನದು ಒಡೆಯಬೇಕು."
ಎರಡು ಸಲ ಬಿಚ್ಚಿದ ಸ್ಯಾಟಿನ್ನಿನ ಮೇಲೆ
ಸೂಜಿಯ ತೂತು ಉಳಿಯುತ್ತದೆ ಎಂದು
ಅವನಿಗೆ ಹೇಳಲಿಲ್ಲ.

ಬುಧವಾರ ಸಂಜೆ. ಮನೆಯಲ್ಲಿ ಧೂಳಿಲ್ಲದ ಜಾಗ
ಈಗ ಬಚ್ಚಲೊಂದೇ.
ರಿಯೋನಾಳನ್ನು ಅಲ್ಲೇ ನಿಲ್ಲಿಸಿದೆ,
ಹೊಸ ಬಿಳಿಯ ಮೇಲೆ ಹೊಸ ಬಿಳಿ.
ತುಟಿಯಲ್ಲಿ ಆರು ಗುಂಡುಸೂಜಿ,
ಮಂಡಿಯೂರಿ ನೆಲದಿಂದ ಅಂಚಿಗೆ ಸ್ಕೇಲಿಟ್ಟು ಬಂದೆ, ಸುತ್ತಲೂ.
ಎಡಗಡೆ ಕಾಲಿಂಚು ಮೇಲೆ!
ರಾತ್ರಿ ಎರಡರವರೆಗೆ ಕೂತು
ಎಡವನ್ನು ಕಾಲಿಂಚು ಇಳಿಸಿದೆ.

ಶುಕ್ರವಾರ, ಇಗರ್ಜಿಯ ಸಮತಟ್ಟು ನೆಲ.
ಮಕ್ಕಳು ಮೇಣದ ಬತ್ತಿ ಹಿಡಿದು ಸಾಲಾಗಿ ಬಂದರು.
ಜಸಿಂತಾ ಕಣ್ಣೊರೆಸಿಕೊಳ್ಳುತ್ತಿದ್ದಳು,
ಗಿಲ್ಬರ್ಟ್ ತೂಕಡಿಸುತ್ತಿದ್ದ,
ನಾನು ಮಾತ್ರ ರಿಯೋನಾಳ ಕಾಲಿನತ್ತ ನೋಡಿದೆ:
ಅಂಚು ಎಡಕ್ಕೆ ಜೋಲುತ್ತಿದೆ.
ಎಷ್ಟು ಎಂದು ಅಳೆಯಬೇಕಿರಲಿಲ್ಲ.
ಪ್ರಾರ್ಥನೆಯ ನಟ್ಟನಡುವೆ ನನಗೆ ನಗು ಬಂತು,
ಕೆಮ್ಮಿದಂತೆ ಮಾಡಿದೆ.

ಮನೆಗೆ ಬಂದು ಬಚ್ಚಲಿಗೆ ಹೋಗಿ
ಒಂದು ಚೊಂಬು ಸುರಿದೆ.
ನೀರು ಒಂದು ಕ್ಷಣವೂ ಯೋಚಿಸದೆ
ಎಡಕ್ಕೆ ಹೊರಟಿತು.