ಹೂ ಡಾಕ್ಟ್ರ ಹುಣ್ಣಿಮೆ

ಮಂಗಳೂರು ಧಕ್ಕೆಯ ರಸ್ತೆಗೆ ತಾಗಿ, ಹಂಚಿನ ಮಾಳಿಗೆಯಲ್ಲಿ
ಹಲ್ಲಿನ ದವಾಖಾನೆ. ಬೋರ್ಡಿನ ಮೇಲೆ ಒಂದೇ ಅಕ್ಷರ: ಹು.
ಬಂದರಿನವರ ಬಾಯಿಗೆ ಬಿದ್ದು ಅದು ದೀರ್ಘವಾಗಿ
ಹೂ ಡಾಕ್ಟ್ರು ಆದರು.
ಅಜ್ಜ ಚೀನಾದಿಂದ ಹಡಗಿಳಿದು ಬಂದವರು.
ಇವರು ಲೇಡಿಗೋಶನಿನಲ್ಲಿ ಹುಟ್ಟಿ
ನನಗಿಂತ ಚೆಂದ ತುಳುವಿನಲ್ಲಿ ಬೈಯುವವರು.

ದವಡೆ ಊದಿಸಿಕೊಂಡು ಹೋಗಿದ್ದೆ,
ಸೋಣ ಕಳೆದು ಬಂದ ಹುಣ್ಣಿಮೆ.
ಬಾಯಿ ತೆರೆದು ಮಲಗಿದವನಿಗೆ ಕಿಟಕಿಯಷ್ಟೇ ಆಕಾಶ.
ಚಂದ್ರನಿಲ್ಲ. ಮೋಡ,
ಹರಿದ ಬಲೆ ರಾಶಿ ಹಾಕಿದ ಹಾಗೆ.

"ಇವತ್ತು ಚಂದ್ರನಿಗೆ ಮೋಡ ಮುಚ್ಚಿದರೆ,"
ಇಕ್ಕಳ ಒರೆಸುತ್ತ ಅಂದರು,
"ನಮ್ಮ ಹೊಸವರ್ಷದ ಮೊದಲ ಹುಣ್ಣಿಮೆಗೆ
ಹಿಮ ಬಂದು ದೀಪಕ್ಕೆ ಬಡಿಯುತ್ತದೆ.
ಅಜ್ಜನ ಮಾತು."

ಹಿಮ!
ಬಾಯಲ್ಲಿ ಹತ್ತಿ. ಕಣ್ಣಲ್ಲೇ ನಕ್ಕೆ.
ಹತ್ತಿ ಇಲ್ಲದಿದ್ದರೆ ಹೇಳುತ್ತಿದ್ದೆ,
ಬೆಂಗ್ರೆಯ ಅಕ್ಕಣಿಯ ಹತ್ತಿರವೂ ಉಂಟು ಇಂಥವು, ನನ್ನ ಅಮ್ಮ.
ಪತ್ತನಾಜೆಗೆ ಹತ್ತು ಹನಿ ಬೀಳಲೇಬೇಕು.
ಬೀಳದ ವರ್ಷ ಅವಳೇ ಚೊಂಬಿನಲ್ಲಿ ಕೈ ಅದ್ದಿ
ಅಂಗಳಕ್ಕೆ ಚಿಮುಕಿಸಿದ್ದಾಳೆ:
ಎಂಟು, ಒಂಬತ್ತು, ಹತ್ತು. "ಬಂತು ನೋಡು ಮಗಾ."
ಆಟಿಯ ಬಿಸಿಲಿಗೆ ಆನೆಯ ಬೆನ್ನೂ ಬಿರಿಯುತ್ತದಂತೆ.
ಆನೆಯನ್ನು ಅವಳು ಕಂಡದ್ದು ಒಮ್ಮೆ,
ನೆಹರೂ ಮೈದಾನಿನ ಸರ್ಕಸ್ಸಿನಲ್ಲಿ,
ಅದೂ ರಾತ್ರಿ.

ಹಲ್ಲು ತಟ್ಟೆಗೆ ಬಿದ್ದ ಮೇಲೆ ಕೇಳಿದೆ,
ಡಾಕ್ಟ್ರೇ, ನೀವು ಹಿಮ ನೋಡಿದ್ದೀರಾ?
"ಇಲ್ಲ. ಅಪ್ಪನೂ ನೋಡಿಲ್ಲ.
ಅಜ್ಜ ತಂದದ್ದು ಒಂದು ಪೆಟ್ಟಿಗೆ ಇಕ್ಕಳ, ಒಂದಿಷ್ಟು ಗಾದೆ.
ಇಕ್ಕಳಕ್ಕೆ ತುಕ್ಕು ಹಿಡಿಯಿತು.
ಎರಡು ದಿನ ಬಿಸಿ ಕುಡಿಯಬೇಡ."

ಆಮೇಲೆ ಮರೆತೆ. ಬಂಗುಡೆ ಬಂತು, ಬೂತಾಯಿ ಬರಲಿಲ್ಲ,
ಡೀಸೆಲಿಗೆ ರೇಟು ಏರಿತು,
ಕೆಡ್ಡಸದ ಹುರಿದಕ್ಕಿಯಲ್ಲಿ ಎಡದವಡೆಯ ತೂತು ತುಂಬಿಕೊಂಡಿತು.

ಮಾಘದ ಹುಣ್ಣಿಮೆ. ರಾತ್ರಿಪಾಳಿ.
ಐಸ್ ಒಡೆಯುವ ಮಿಶನಿಗೆ ಇದಿನಬ್ಬ ದಿಮ್ಮಿ ದೂಡುತ್ತಾನೆ,
ಪೈಪಿನ ಬಾಯಿ ನನ್ನ ಕೈಯಲ್ಲಿ.
ಮೇಲೆ ಚಂದ್ರ, ತೊಳೆದಿಟ್ಟ ಪಿಂಗಾಣಿ.
ಮೋಡದ ಒಂದು ಚೂರೂ ಇಲ್ಲ.
ಅಷ್ಟರಲ್ಲಿ ಬಂದರು, ಲುಂಗಿ, ಬನಿಯನು,
ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು,
ಇನ್ನೊಂದರಲ್ಲಿ ಕೆಂಪು ಕಾಗದದ ಗೂಡುದೀಪ, ಒಳಗೆ ಮೊಂಬತ್ತಿ.
"ಹೆಂಡತಿಗೆ ಮೊಣಗಂಟು ನೋವು, ಎರಡು ಮುಷ್ಟಿ ಐಸು ಕೊಡು ಮಾರಾಯ."

ಇದಿನಬ್ಬ ದಿಮ್ಮಿ ಬಿಟ್ಟ.
ಮಿಶನು ಗರಗರ ಅಂದಿತು.
ಪೈಪು ಹೊರಳಿತು,
ಬಿಳಿ ಹುಡಿ ಗಾಳಿಯಲ್ಲಿ ಕಮಾನಾಗಿ ಎದ್ದು
ಪಟಪಟ, ಪಟಪಟ, ಕೆಂಪು ಕಾಗದಕ್ಕೆ.

"ಸರಿದು ನಿಲ್ಲಿ ಡಾಕ್ಟ್ರೇ!" ಇದಿನಬ್ಬ ಕಿರುಚಿದ.
ಅವರು ಸರಿಯಲಿಲ್ಲ.
ಹುಬ್ಬಿನ ಮೇಲೆ, ತುಟಿಯ ಮೇಲೆ, ಬೋಳು ತಲೆಯ ಮೇಲೆ
ನಿಂತೇ ಇದ್ದರು, ಮೊಂಬತ್ತಿ ಚುಂಯ್ ಅನ್ನುವ ತನಕ.

ಅರ್ಧ ಬುಟ್ಟಿ ಐಸು ಹಾಳು, ಸಾವುಕಾರರು ಬೈದರು.
ಪೈಪು ತಾನಾಗಿ ಹೊರಳಿತಾ,
ಯಾರಾದರೂ ಹೊರಳಿಸಿದರಾ?
ಅಕ್ಕಣಿಯ ಮಗನ ಹತ್ತಿರ
ಅದೊಂದು ಕೇಳಬೇಡಿ.