ಸಂಖ್ಯೆ ಸಾವಿರದ ನೂರ ಹದಿನೇಳು

ಆ ಡ್ರಾಯರನ್ನು ಕೊಂಚ ಮೇಲೆತ್ತಿ ಎಳೆಯಿರಿ, ಸಿಕ್ಕಿಕೊಳ್ಳುತ್ತದೆ.
ಒಳಗಿರುವುದೆಲ್ಲ ನಾನು ಬರೆದದ್ದು.
ಬೇರೆಯವರು ಥೇಮ್ಸ್ ಮೇಲಿನ ಮಂಜು ಬರೆದರು,
ನಾನು ಬರ್ಮಂಡ್ಸಿಯ ಮಂದಿಯ ಮೈ.

ನಮ್ಮಪ್ಪ ಚರ್ಮ ಹದ ಮಾಡುವವನು.
ಸುಣ್ಣದ ಗುಂಡಿಯಿಂದ ಕ್ರೋಮಿನ ತೊಟ್ಟಿಗೆ
ಸತ್ತ ದನದ ತೊಗಲು ಎತ್ತಿ ಹಾಕುತ್ತ ಹಾಕುತ್ತ
ತನ್ನದನ್ನು ಕಳಕೊಂಡ.
ಬೆರಳ ಗೆಣ್ಣಿನ ಮೇಲೆ ಗುಂಡನೆಯ ತೂತು,
ಒಂದು ಕಾಳುಮೆಣಸು ಕೂರುವಷ್ಟು.
'ಹಕ್ಕಿಗಣ್ಣು' ಅನ್ನುತ್ತಿದ್ದರು ಜೊತೆಯವರು, ಬಿಯರ್ ಕುಡಿಯುತ್ತ.
ನೋವಿಗೆ ಅಡ್ಡಹೆಸರಿಟ್ಟರೆ
ಒಂದು ದಿನದ ಕೂಲಿ ಉಳಿದಂತೆ.

ಡಾಕ್ಟರ್ ಹೆಸ್ಟರ್ ಪೆಂಗೆಲ್ಲಿ ಬಂದದ್ದು ಇಪ್ಪತ್ತೊಂದರ ಚಳಿಗಾಲ.
ಕಾರ್ನ್‌ವಾಲಿನ ಮೀನುಗಾರರ ಮಗಳು,
ಮಾತಿನಲ್ಲಿ ಇನ್ನೂ ಉಪ್ಪು.
ದೊಡ್ಡ ಆಸ್ಪತ್ರೆಯ ಹಿರಿಯರು ಹೇಳಿದರಂತೆ:
ಹೃದಯ ನಮಗಿರಲಿ, ಮಿಸ್, ಮೆದುಳು ನಮಗಿರಲಿ,
ಹೆಂಗಸರಿಗೆ ತೊಗಲು ಸಾಕು,
ಮೇಲಿಂದ ಮೇಲೆ ನೋಡಿದರಾಯಿತು.
ಆಕೆ ತಲೆಯಾಡಿಸಿ ಹೊರಬಂದು
ಹಗ್ಗದ ಅಂಗಡಿಯ ಕೆಳಗಿನ ನೆಲಮಾಳಿಗೆ ಬಾಡಿಗೆಗೆ ಹಿಡಿದಳು.
ಮಂಗಳವಾರ, ಶುಕ್ರವಾರ. ಸಂಜೆ ಆರರಿಂದ.

ಮೊದಲು ಮಾಡಿದ್ದು ಇಷ್ಟೇ:
ಬೋಗುಣಿಯ ಬಿಸಿನೀರಿನಲ್ಲಿ ತನ್ನ ಕೈ ಬೆಚ್ಚಗೆ ಮಾಡಿಕೊಂಡು
ಅಪ್ಪನ ಕೈ ಹಿಡಿದುಕೊಂಡಳು.
ಅಮ್ಮ ಹೋದಮೇಲೆ ಅವನನ್ನು ಯಾರೂ ಮುಟ್ಟಿರಲಿಲ್ಲ.
ಅವನು ಗೋಡೆಯ ಕಡೆ ತಿರುಗಿ
ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿದ.

ನನಗೆ ಹದಿನೈದು. ಬಿಸ್ಕತ್ತಿನ ಡಬ್ಬಗಳಿಗೆ ಗುಲಾಬಿ ಬರೆಯುತ್ತಿದ್ದೆ.
ಕೆಂಪು ಬಲ್ಲೆಯಾ, ಅಂದಳು. ಬಲ್ಲೆ, ಅಂದೆ.
ಸುಳ್ಳು. ಕಲಿತದ್ದು ಆಮೇಲೆ:
ಒದ್ದೆ ಇಟ್ಟಿಗೆಯ ಕೆಂಪು, ಬೇಯಿಸಿದ ಹ್ಯಾಮಿನ ಕೆಂಪು,
ಒತ್ತಿದರೆ ಮಾಯವಾಗಿ ಬಿಟ್ಟರೆ ಮರಳುವ ಕೆಂಪು,
ಒತ್ತಿದರೂ ಜಗ್ಗದ್ದು. ಅದು ಕಂಡಾಗ
ಆಕೆ ರೋಗಿಯ ಮಕ್ಕಳೆಷ್ಟು ಎಂದು ಕೇಳುತ್ತಿದ್ದಳು.

ಒಂಬೈನೂರು ಕೈ ಎಣಿಸಿ ಮಾಲೀಕರಿಗೆ ಬರೆದಳು.
ಆರು ವರ್ಷ ಬರೆದಳು. ಕೊನೆಗೆ ಬಂದದ್ದು
ಅಂಗಳಕ್ಕೊಂದು ಬಿಸಿನೀರಿನ ನಲ್ಲಿ, ರಬ್ಬರಿನ ಗವಸು,
ಗವಸಿನ ಹಣ ಕೂಲಿಯಲ್ಲಿ ಮುರಿದು.
ಇಂಥದ್ದು ಎಲ್ಲೂ ಆಗಿರಲಿಲ್ಲ ಅನ್ನುತ್ತೀರಿ ನೀವು.
ಇರಬಹುದು.
ನಲ್ಲಿ ಸೋರುತ್ತಿತ್ತು.

ಇದನ್ನೂ ಬರಕೊಳ್ಳಿ, ಬಿಡಬೇಡಿ.
ಹುಳುಕಡ್ಡಿ ಹತ್ತಿದ ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿದಳು.
ಆಗ ಎಲ್ಲರೂ ಹಾಯಿಸುತ್ತಿದ್ದರು.
ಕೂದಲು ಉದುರಿ ಮತ್ತೆ ಹುಟ್ಟಬೇಕು. ನಾಲ್ವರಿಗೆ ಹುಟ್ಟಲಿಲ್ಲ.
ಐವಿ ಸ್ಪ್ರಾಗ್ ತನ್ನ ಮದುವೆಯಲ್ಲೂ ಟೋಪಿ ತೆಗೆಯಲಿಲ್ಲ;
ಚರ್ಚಿನ ಕೊನೆಯ ಬೆಂಚಿನಲ್ಲಿ ಡಾಕ್ಟರ್, ಕರೆಯದೆ ಬಂದವಳು,
ಕೋಟಿನ ಗುಂಡಿಯನ್ನು ತಿರುಚುತ್ತ ಕೂತಿದ್ದಳು.

ಯಂತ್ರದ ಮುಂದೆ ಮಕ್ಕಳು ಅಲ್ಲಾಡದಂತೆ
ಗದ್ದ ಹಿಡಿದಿರುತ್ತಿದ್ದದ್ದು ಅವಳ ಎಡಗೈ.
ಮೊದಲು ಉಗುರು ಸೀಳಿತು. ಆಮೇಲೆ ಗಂಟು.
ಊರಿನ ಕೈಗಳನ್ನೆಲ್ಲ ಓದಿದವಳಿಗೆ
ತನ್ನದನ್ನು ಓದಲು ಎರಡು ವರ್ಷ ಹಿಡಿಯಿತು,
ಅಥವಾ ಓದಿಯೂ ಸುಮ್ಮನಿದ್ದಳೋ.

ಮೂವತ್ತೆಂಟರ ಒಂದು ಶುಕ್ರವಾರ, ಎಲ್ಲ ಹೋದಮೇಲೆ,
ದೀಪದ ಕೆಳಗೆ ಕೈ ಚಾಚಿ 'ಬರೆ' ಅಂದಳು.
ಹೆಸರು ಬೇಡ, ಸಂಖ್ಯೆ ಹಾಕು.
ಉದ್ಯೋಗ: ಚರ್ಮದ ಕೆಲಸ.
ಸೋಮವಾರ ಎರಡು ಬೆರಳು ತೆಗೆದರು.
ಬುಧವಾರ ಒಬ್ಬ ಹಮಾಲನ ಬೆನ್ನು ನೋಡುತ್ತಿದ್ದಳು.

ಇಗೋ, ಇದೇ.
ಬಣ್ಣ ಸರಿ ಬಂದಿಲ್ಲ, ಗೊತ್ತು,
ಮಣಿಕಟ್ಟಿನ ಹತ್ತಿರ ಕೆಂಪು ಕಲಸಿದೆ, ಕಾಗದ ಉಬ್ಬಿದೆ.
ನೀರು ಅದು.
ಕೈ ಚಾಚುವ ಮುಂಚೆ ಬೋಗುಣಿಯಲ್ಲಿ ಅದ್ದಿ ತಂದಿದ್ದಳು,
ನಾನು ಹಿಡಿದು ತಿರುಗಿಸಿ ನೋಡಬೇಕಲ್ಲ,
ನನಗೆ ತಣ್ಣಗೆ ತಾಗಬಾರದೆಂದು.