ಉಬ್ಬರದ ಕಡತದಲ್ಲಿ ನಾಲ್ಕಕ್ಷರ

ಇಪ್ಪತ್ತಾರು ವರ್ಷ ಕಾಡ್ ಮೀನು ಸೀಳಿದ ಕೈ ಇದು.
ಕಾರ್ಖಾನೆ ಮುಚ್ಚಿದ ಮೇಲೆ ವಾಗುರ್ ಬಂದರಿನವರು ಕರೆದರು:
ದಿನಾ ಕಂಬದ ಗೀಟು ನೋಡಿ
ಕಡಲು ಎಷ್ಟು ಏರಿತು ಎಷ್ಟು ಇಳಿಯಿತು
ಬರೆದಿಟ್ಟರಾಯಿತು ಮಾರ್ಯುನ್, ಅಷ್ಟೇ ಕೆಲಸ.

ಅಷ್ಟೇ!
ಹಾನುಸ್ ಮುದುಕ ಬಿಟ್ಟುಹೋದ ಕಂಪ್ಯೂಟರಿಗೆ
ಮೌಸಿಲ್ಲ, ಚಿತ್ರವಿಲ್ಲ. ಕಪ್ಪು ಪರದೆ.
ಬರೆಯದ ಸಾಲುಗಳ ತಲೆಗೆಲ್ಲ ಒಂದೊಂದು ಪುಟ್ಟ ಅಲೆ,
ಎಡ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಸಾಲಾಗಿ.
ಕಡಲನ್ನೇ ಒಳಗೆ ಕೂಡಿಹಾಕಿದ್ದಾನೆ ಅಂದುಕೊಂಡೆ.
‘ಅಲೆಯಲ್ಲ ಅದು, ಬರೀ ಖಾಲಿ’ ಅಂದ ಎಯ್ದುನ್,
ದೋಣಿಗಳ ರೇಡಿಯೊ ರಿಪೇರಿ ಮಾಡುವ ಹುಡುಗ.
ಆಮೇಲೆ. ಮೊದಲ ದಿನ ಅವನಿರಲಿಲ್ಲ.

ಮೊದಲ ದಿನ, ಮಾರ್ಚ್ ಹತ್ತೊಂಬತ್ತು,
ಮುದುಕ ದಿನಾ ಕೊನೆಗೆ ಸಹಿ ಹಾಕುತ್ತಿದ್ದನಲ್ಲ ಎಂದು
ನಾನೂ ನನ್ನ ಹೆಸರು ಕುಟ್ಟಿದೆ.
ದೊಡ್ಡ ಎಮ್ ನನ್ನನ್ನು ಪುಟದ ನಡುವಿಗೆ ಎತ್ತಿ ಎಸೆಯಿತು,
ಎ ಅಲ್ಲೊಂದು ಬಾಗಿಲು ತೆರೆಯಿತು,
ಉಳಿದ ನಾಲ್ಕಕ್ಷರ ದಡಬಡ ನುಗ್ಗಿ
ಹತ್ತನೇ ತಾರೀಖಿನ ಒಂದಕ್ಕೂ ಸೊನ್ನೆಗೂ ನಡುವೆ
ಸಿಕ್ಕಿಹಾಕಿಕೊಂಡವು.

ಹೊರಬರುವ ದಾರಿ ತಿಳಿಯದೆ
ಪರದೆಗೆ ಚೀಟಿ ಅಂಟಿಸಿ ಮನೆಗೆ ಹೋದೆ:
‘ನಾನಿನ್ನೂ ಒಳಗಿದ್ದೇನೆ. ಮುಟ್ಟಬೇಡಿ.’

ಎಯ್ದುನ್ ಬಂದ, ನಗಲಿಲ್ಲ. ತುಟಿ ಕಚ್ಚಿಕೊಂಡಿದ್ದ.
ಏನೇನೋ ಒತ್ತಿ, ಇದ್ದದ್ದನ್ನು ಇದ್ದಂತೆ ಉಳಿಸಿ ಮುಚ್ಚಿದ.
‘ಎಲ್ಲಿದ್ದೀರೆಂದು ತಿಳಿಯದಾಗ ಎಸ್ಕೇಪ್ ಒತ್ತಿ.
ಎರಡು ಸಲ ಒತ್ತಿದರೂ ತಪ್ಪಿಲ್ಲ.
ಬರೆಯುವ ಮುಂಚೆ ಐ.
ಐ ಒತ್ತದೆ ಆಡಿದ ಮಾತೆಲ್ಲ ಅಪ್ಪಣೆ.’
ನಮ್ಮ ಮೇಸ್ತ್ರಿ ಇನ್ಗೆರ್ ನೆನಪಾದಳು.
ಜನ್ಮದಲ್ಲಿ ಐ ಒತ್ತಿದವಳಲ್ಲ.

ಜೆ ಅಂದರೆ ಇಳಿತ, ಕೆ ಅಂದರೆ ಉಬ್ಬರ.
ಇದು ಅವನು ಹೇಳಿದ್ದಲ್ಲ, ನಾನೇ ಮಾಡಿಕೊಂಡದ್ದು.
ಎಚ್ ದಡದ ಕಡೆ, ಎಲ್ ಕಡಲ ಕಡೆ.
ಡಿ ಡಿ: ತಲೆಗೊಂದು, ಬಾಲಕ್ಕೊಂದು ಏಟು.
ಇಡೀ ಸಾಲು ಹೋಯಿತು.
‘ಎಲ್ಲಿಗೆ ಹೋಯಿತೋ?’
‘ಕೈಯಲ್ಲೇ ಇದೆ. ಪಿ ಒತ್ತಿ, ಬೇಕಾದಲ್ಲಿ ಇಳಿಸಿ.’
ಯು ಒತ್ತಿದರೆ ಮಾಡಿದ್ದು ಮಾಡದಂತೆ.
ಸುಮ್ಮನೆ ಕೂತುಬಿಟ್ಟೆ.
ಎಡ ಉಂಗುರಬೆರಳ ತುದಿ ಕಳೆದ ಸೀಳುಯಂತ್ರಕ್ಕೆ
ಗುಂಡಿ ಎರಡೇ ಇದ್ದವು: ಹಸಿರು, ಕೆಂಪು.
ಈಗಲೂ ಡಬ್ಲ್ಯೂ ಒತ್ತಲು ನಡುಬೆರಳು ಬಾಗಿ ಬರಬೇಕು.

ಏಪ್ರಿಲಿನಲ್ಲಿ ತೋರ್ಶಾವ್ನ್ ಕಚೇರಿಯಿಂದ ಕಾಗದ:
ಮಾರ್ಚ್ ಹತ್ತರಂದು ಆರ್ ಜೆ ಯು ಎನ್ ಎಂದಿದೆ.
ಇದು ಯಾವ ಅಳತೆ? ದಯವಿಟ್ಟು ತಿಳಿಸಿ.

ಕಡತ ತೆರೆದು ಯು ಒತ್ತಿದೆ. ಏನೂ ಆಗಲಿಲ್ಲ.
ಮುಚ್ಚಿ ತೆರೆದದ್ದಕ್ಕೆ ಹಿಂದಿನದು ನೆನಪಿರುವುದಿಲ್ಲವಂತೆ.
ಸರಿ, ಕಾಲ್ನಡಿಗೆಯೇ.
ಜೆ ಜೆ ಎಂದು ಹತ್ತರವರೆಗೆ ಇಳಿದು
ಎಲ್ ಒಂದು ಹೆಜ್ಜೆ.
ಎಕ್ಸ್.
ಎಕ್ಸ್.
ಮೂರನೆಯದಕ್ಕೆ ಮುಂಚೆ ಒಂದು ಗುಟುಕು ಕಾಫಿ ಕುಡಿದೆ, ಯಾಕೋ.
ಎಕ್ಸ್, ಎಕ್ಸ್.
ಒಂದೂ ಸೊನ್ನೆಯೂ ಸೇರಿ ಮತ್ತೆ ಹತ್ತಾಯಿತು.
ಎಸ್ಕೇಪ್ ಒತ್ತಿದೆ. ಎರಡು ಸಲ.
ನಡುಬೆರಳಿಂದಲೇ ಉಳಿಸಿದೆ.

ಇನ್ನೊಂದು ಕಡತ ತೆರೆದು ಕಚೇರಿಗೆ ಬರೆದೆ:
ಹೌದು ಸ್ವಾಮಿ, ಅಳತೆಯೇ.
ಆ ದಿನ ನನಗೆ ಎಷ್ಟು ಬರುತ್ತಿತ್ತು ಎಂಬುದರ ಅಳತೆ.
ಓದಿಕೊಂಡೆ. ಚೆನ್ನಾಗಿತ್ತು.
ಎರಡು ಚುಕ್ಕಿ, ಕ್ಯೂ, ಕೊನೆಗೊಂದು ಉದ್ಗಾರ.
ಉಳಿಸದೆ, ಬಾಗಿಲು ದಢಾರನೆ ಹಾಕಿ ಹೋಗುವ ರೀತಿ ಅದು.
ಎಯ್ದುನ್ ಕೊನೆಗೆ ಕಲಿಸಿದ್ದು.

ಸಂಜೆಯ ಗೀಟು ನೋಡಲು ಹೊತ್ತಾಗಿತ್ತು.
ಪಾಚಿಗಟ್ಟಿದ ಮೆಟ್ಟಿಲು, ಹನ್ನೊಂದು.
ಒಂದು ಕೈ ಸರಪಳಿಯ ಮೇಲೆ.
ಇನ್ನೊಂದು, ಉಣ್ಣೆಗವಸಿನೊಳಗೆ,
ಜೆ
ಜೆ
ಜೆ